ಕೀಲಿನೊಳಗಣ ರಕ್ತಸ್ರಾವವನ್ನು ಕಂಡುಕೊಳ್ಳುವ ಬಗೆ

ಬಾಲಕನೊಬ್ಬನ ಮೊಣಕಾಲು ದೊಡ್ಡ ಏಟಿಲ್ಲದೆಯೇ ಊದಿಕೊಂಡರೆ, ಅದನ್ನು ಉಳುಕೆಂದು ತಿಳಿದು ಎಣ್ಣೆ ಹಚ್ಚಿ ನೀವುವುದು ನಮ್ಮ ಮನೆಗಳಲ್ಲಿ ವಾಡಿಕೆಯಾಗಿದೆ. ಆ ಬಾವು ಕೀಲಿನೊಳಗೆ ರಕ್ತವು ಸ್ರವಿಸಿದುದರಿಂದಲೂ ಆಗಿರಬಹುದು. ಬಿಳಿಚೋಡು ಮೊದಲಾದ ಗ್ರಾಮಗಳ ತಾಯಂದಿರೆಲ್ಲರೂ ಇದನ್ನರಿತಿರಬೇಕೆಂದು ನಾವು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಹೀಮೋಫಿಲಿಯಾ ಅಥವಾ ಕುಸುಮರೋಗದಲ್ಲಿ, ರಕ್ತವನ್ನು ಹೆಪ್ಪುಗಟ್ಟಿಸುವ ಎಂಟನೆಯ ಇಲ್ಲವೆ ಒಂಬತ್ತನೆಯ ಅಂಶವು ಹುಟ್ಟಿನಿಂದಲೇ ಕಡಿಮೆಯಾಗಿರುವುದು. ಎಂಟನೆಯದರ ಕೊರತೆಯು ಸುಮಾರು 5,000 ಗಂಡುಶಿಶುಗಳಲ್ಲಿ ಒಂದಕ್ಕೆ ಉಂಟಾಗುವುದು. ಇದು ಹೆಚ್ಚಾಗಿ ತಾಯಿಯ ಮೂಲಕ ಬರುವುದಾದರೂ, ಸುಮಾರು ಮೂರರಲ್ಲೊಂದು ಪಾಲು ರೋಗಿಗಳ ವಂಶದಲ್ಲಿ ಇದರ ಸುಳಿವೇ ಇರುವುದಿಲ್ಲ. ಆದುದರಿಂದ ಹೆತ್ತವಳನ್ನು ದೂಷಿಸುವುದು ಅನ್ಯಾಯವು. ಮೊಣಕಾಲು, ಮೊಣಕೈ, ಕಾಲಿನ ಹರಡು, ಇವುಗಳಲ್ಲಿ ಪದೇ ಪದೇ ರಕ್ತವು ತುಂಬಿದರೆ ಮೃದ್ವಸ್ಥಿಯು ಸವೆದು ಮಗುವು ಅಂಗವಿಕಲವಾಗುವುದು.

ಕೀಲಿನ ನೋವೆಲ್ಲವೂ ರಕ್ತಸ್ರಾವವಲ್ಲ. ಸವೆದ ಕೀಲೂ ನೋಯುವುದು. ಇವೆರಡನ್ನು ಕೈಯಿಂದ ಮುಟ್ಟಿ ನೋಡಿ ವಿಂಗಡಿಸುವುದು ನುರಿತ ವೈದ್ಯರಿಗೂ ಕಷ್ಟವೇ. ಇಲ್ಲಿ ಸ್ಕ್ಯಾನಿಂಗ್ ಯಂತ್ರವು ನೆರವಾಗುವುದು. ನಮ್ಮ ಕಿವಿಗೆ ಕೇಳಿಸದ ಧ್ವನಿಯ ಅಲೆಗಳು ಒಳಹೊಕ್ಕು, ತಗುಲಿ ಮರಳಿ, ತೆರೆಯ ಮೇಲೆ ಚಿತ್ರವಾಗುವುವು. ಎಲುಬಿನ ಮೇಲ್ಮೈ ಬೆಳ್ಳಗೂ ನೀರು ಕಪ್ಪಾಗಿಯೂ ತೋರುವುವು. ಹೊಸ ರಕ್ತವಾದರೆ ಅದರೊಳಗೆ ಸಣ್ಣ ಕಣಗಳು ಚಲಿಸುವುದನ್ನು ಕಾಣಬಹುದು. ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಕೆಲವು ನಿಮಿಷಗಳಲ್ಲಿ ಇದನ್ನು ಮಾಡಬಹುದು. ನೋವಿಲ್ಲ, ಕ್ಷ-ಕಿರಣಗಳ ಭಯವೂ ಇಲ್ಲ. ಆದರೆ ಚಿತ್ರವೊಂದರಿಂದಲೇ ರಕ್ತವನ್ನೂ ಬೇರೆ ದ್ರವವನ್ನೂ ಬೇರ್ಪಡಿಸಿ ಹೇಳಲು ಎಲ್ಲ ಸಲವೂ ಸಾಧ್ಯವಾಗದು.

ಇದೇ ಯಂತ್ರದಿಂದ ಹೆಣ್ಣುಶಿಶುವನ್ನು ಗರ್ಭದಲ್ಲಿಯೇ ಗುರುತಿಸಿ ಕೊಲ್ಲುವ ಪಾತಕವು ನಡೆದುದರಿಂದ, 1994ರ ಕಾನೂನಿನ ಮೇರೆಗೆ ಪ್ರತಿಯೊಂದು ಯಂತ್ರವೂ ನೋಂದಣಿಯಾಗಿರಬೇಕು. ಅದನ್ನು ಮನಬಂದ ಊರಿಗೆ ಒಯ್ಯಲಾಗದು. ಹೀಗಾಗಿ ಹಳ್ಳಿಯ ರೋಗಿಯೇ ಆಸ್ಪತ್ರೆಗೆ ಹೋಗಬೇಕಾಗುವುದು. ಜಗಳೂರು ಸೀಮೆಯವರಿಗೆ ದಾವಣಗೆರೆಯಲ್ಲಿ, ಡಾ. ಸುರೇಶ ಹನಗವಾಡಿಯವರು ಸ್ಥಾಪಿಸಿದ ಕರ್ನಾಟಕ ಹೀಮೋಫಿಲಿಯಾ ಸೊಸೈಟಿಯಿರುವುದು ದೊಡ್ಡ ಅನುಕೂಲವು. ಅವರು ತಾವೂ ಈ ವ್ಯಾಧಿಯೊಡನೆಯೇ ಬಾಳಿದವರು.

ಕಡೆಯದಾಗಿ ಒಂದು ಮಾತು. ರೋಗವಿರುವುದು ಗೊತ್ತಿದ್ದ ಮಗುವಿಗೆ ಕೀಲು ಬಿಸಿಯಾಗಿ ಬಿಗಿದುಕೊಂಡರೆ, ಸ್ಕ್ಯಾನಿಂಗಿಗಾಗಿ ಕಾಯುತ್ತ ಔಷಧವನ್ನು ತಡಮಾಡಬಾರದು. ಮೊದಲು ಕೊರತೆಯಾದ ಅಂಶವನ್ನು ಕೊಡಿಸಿ, ಬಳಿಕ ಪರೀಕ್ಷೆ ಮಾಡಿಸತಕ್ಕುದು. ನೀವಬೇಡಿರಿ, ಆಸ್ಪಿರಿನ್ ಕೊಡಬೇಡಿರಿ, ಮಾಂಸಖಂಡಕ್ಕೆ ಸೂಜಿ ಚುಚ್ಚಿಸಬೇಡಿರಿ. ವಿದ್ಯಾವಂತಳಾದ ಒಬ್ಬ ತಾಯಿಯು ಇಷ್ಟನ್ನು ನೆನಪಿನಲ್ಲಿಟ್ಟರೆ ಒಂದು ಮಗುವಿನ ನಡಿಗೆಯು ಉಳಿದೀತು.