ಕತ್ತಿಗೆ ಕಾಣದ ತಾಮ್ರ

ಮಳೆಗಾಲ ಹಿಡಿಯುವ ಮುನ್ನ ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳಲ್ಲಿ ಒಂದು ರಾಸಾಯನಿಕ ಪರೀಕ್ಷೆ ನಡೆಯುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲಕಿದ ಮೇಲೆ, ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ಎತ್ತುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಸುಣ್ಣಕ್ಕೆ ಸಿಕ್ಕದೆ ಉಳಿದ ಮೈಲುತುತ್ತದ ತಾಮ್ರ ಕಬ್ಬಿಣವನ್ನು ಕರಗಿಸಿ ತಾನು ಅದರ ಜಾಗದಲ್ಲಿ ಕೂತಿರುತ್ತದೆ. ಅಂಥ ದ್ರಾವಣ ಎಳೆಗಾಯನ್ನು ಸುಡುತ್ತದೆ. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಅಧ್ಯಯನ ಪ್ರಕಟಿಸಿದ ಕಾಲದಿಂದ ಈ ನೀಲಿ ದ್ರಾವಣ ಮಲೆನಾಡಿನ ಅಡಿಕೆಯನ್ನು ಕಾಯುತ್ತ ಬಂದಿದೆ. ಡ್ರಮ್ಮಿನೊಳಗಿನ ತಾಮ್ರಕ್ಕೆ ಕತ್ತಿಯ ಪರೀಕ್ಷೆ ಸಾಕು. ಡ್ರಮ್ಮಿನಿಂದ ಹೊರಟು ಗೊನೆ, ಮಣ್ಣು, ಬಸಿಗಾಲುವೆಗಳನ್ನು ದಾಟಿ ಹಳ್ಳಕ್ಕೆ ಇಳಿಯುವ ತಾಮ್ರಕ್ಕೆ ಬೇರೆಯದೇ ಕಣ್ಣು ಬೇಕು.

ಲೆಕ್ಕ ಹಾಕಿ ನೋಡೋಣ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ. ಆದ್ದರಿಂದ ಒಂದು ಲೀಟರ್ ಬೋರ್ಡೋ ದ್ರಾವಣದಲ್ಲಿ ಎರಡೂವರೆ ಗ್ರಾಂ ತಾಮ್ರ ಇರುತ್ತದೆ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಸೂಚಿಸುವ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಅಂದರೆ ಅದರ ಐವತ್ತು ಸಾವಿರದಲ್ಲಿ ಒಂದು ಪಾಲು. ಬೇರೆ ನೀರಿನ ಮೂಲ ಇಲ್ಲದ ಕಡೆ ಮನುಷ್ಯರಿಗೆ 1.5 ಮಿಲಿಗ್ರಾಂವರೆಗೆ ಸಡಿಲಿಕೆ ಇದೆ. ಹಳ್ಳದ ಪಾಚಿಗೂ ಮೀನಿನ ಮರಿಗೂ ಅಂಥ ಸಡಿಲಿಕೆ ಇಲ್ಲ. ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಕರಗಿದ ತಾಮ್ರ ಮೀನಿನ ವಾಸನೆ ಹಿಡಿಯುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಆಗುಂಬೆ, ಹುಲಿಕಲ್ಲಿನ ಮಳೆ ಬೀಳುವ ಈ ಸೀಮೆಯಲ್ಲಿ ಹಳ್ಳ ಒಂದೆರಡು ಗಂಟೆಯಲ್ಲಿ ಏರಿ ಇಳಿಯುತ್ತದೆ. ಔಷಧಿ ಹೊಡೆದ ಮೇಲೆ ಬಿದ್ದ ಮೊದಲ ಜೋರು ಮಳೆಯಲ್ಲಿ ತೊಳೆದುಹೋದದ್ದು ಮರುದಿನ ಬೆಳಿಗ್ಗೆ ಬಾಟಲಿ ಹಿಡಿದು ಹೋದವರಿಗೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ತೆಗೆದ ಮಾದರಿ ಎಷ್ಟೇ ನಿಖರವಾಗಿದ್ದರೂ ಆ ಒಂದು ಕ್ಷಣದ್ದು. ಆದ್ದರಿಂದ ಇಲ್ಲಿಗೆ ಬೇಕಾದದ್ದು ಹಳ್ಳದ ದಡದಲ್ಲೇ ಕೂತು, ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಅಳೆಯುವ ಯಂತ್ರ. ಹರಿವಿನ ವಿಶ್ಲೇಷಣೆ ಎಂಬ ವಿಧಾನ ಅದನ್ನು ಸಾಧ್ಯವಾಗಿಸಿದೆ.

ಹಳೆಯ ಪದ್ಧತಿಯಲ್ಲಿ ರಸಾಯನಜ್ಞರು ಬೀಕರಿನಲ್ಲಿ ಮಾದರಿ ಮತ್ತು ಬಣ್ಣ ಬರಿಸುವ ಕಾರಕ ಬೆರೆಸಿ, ಬಣ್ಣ ಪೂರ್ತಿ ಮೂಡುವವರೆಗೆ ಕಾಯುತ್ತಾರೆ. 1957ರಲ್ಲಿ ಅಮೆರಿಕದ ಲಿಯೊನಾರ್ಡ್ ಸ್ಕೆಗ್ಸ್ ಇದನ್ನೇ ಕೊಳವೆಯೊಳಗೆ ತಂದು, ಒಂದು ಮಾದರಿ ಇನ್ನೊಂದರ ಜೊತೆ ಬೆರೆಯದಂತೆ ನಡುವೆ ಗಾಳಿಗುಳ್ಳೆಗಳನ್ನು ಇಟ್ಟರು. 1975ರಲ್ಲಿ ಡೆನ್ಮಾರ್ಕಿನ ಯಾರೊಮಿರ್ ರುಜಿಚ್ಕಾ ಮತ್ತು ಎಲೊ ಹ್ಯಾನ್ಸನ್ ಆ ಗುಳ್ಳೆಗಳನ್ನೂ ಕೈಬಿಟ್ಟರು. ಅರ್ಧ ಮಿಲಿಮೀಟರ್ ಒಳಗಲದ ಕೊಳವೆಯಲ್ಲಿ ಒಂದೇ ವೇಗದಲ್ಲಿ ಹರಿಯುವ ಕಾರಕದ ದ್ರವಕ್ಕೆ ಎರಡು ಮೂರು ಹನಿಯಷ್ಟು ಮಾದರಿಯನ್ನು ಕವಾಟವೊಂದು ತೂರಿಸುತ್ತದೆ. ತೋಟದ ಕಾಲುವೆಗೆ ಒಂದು ಬೊಗಸೆ ಕೆಂಪು ನೀರು ಬಿಟ್ಟರೆ ನಡುವಿನದು ಮುಂದೋಡಿ, ಅಂಚಿನದು ಹಿಂದುಳಿದು, ಕೆಂಪು ಉದ್ದಕ್ಕೆ ಎಳೆದುಕೊಳ್ಳುವುದಲ್ಲವೇ? ಕೊಳವೆಯಲ್ಲಿ ಆಗುವುದೂ ಅದೇ. ಹಾಗೆ ಹರಡುತ್ತಲೇ ಮಾದರಿ ಕಾರಕದೊಂದಿಗೆ ಬೆರೆತು ಬಣ್ಣ ತಾಳುತ್ತದೆ, ಬೆಳಕಿನ ಕಿಂಡಿಯನ್ನು ದಾಟುತ್ತದೆ, ಪರದೆಯ ಮೇಲೆ ಗೆರೆ ಏರಿ ಶಿಖರ ಮುಟ್ಟಿ ಇಳಿಯುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ ಒಂದು ನಿಮಿಷವೂ ಬೇಡ.

ಬಣ್ಣ ಪೂರ್ತಿ ಮೂಡುವ ಮೊದಲೇ ಅಳೆದರೆ ಉತ್ತರ ಸರಿ ಬಂದೀತೇ ಎಂಬ ಸಂಶಯ ಸಹಜ. ಈ ವಿಧಾನದ ಜಾಣ್ಮೆ ಇರುವುದೇ ಅಲ್ಲಿ. ಕೊಳವೆಯ ಉದ್ದ, ಹರಿವಿನ ವೇಗ, ಮಾದರಿಯ ಗಾತ್ರ ಬದಲಾಗದಿದ್ದರೆ ಪ್ರತಿ ಮಾದರಿಯೂ ಅಷ್ಟೇ ಹರಡುತ್ತದೆ, ಅಷ್ಟೇ ಹೊತ್ತು ಬೆರೆಯುತ್ತದೆ. ತಾಮ್ರದ ಪ್ರಮಾಣ ಗೊತ್ತಿರುವ ದ್ರಾವಣವನ್ನೂ ಅದೇ ದಾರಿಯಲ್ಲಿ ಕಳಿಸಿ, ಎರಡು ಶಿಖರಗಳ ಎತ್ತರ ಹೋಲಿಸಿದರಾಯಿತು. ಕ್ರಿಯೆ ಅರ್ಧಕ್ಕೇ ನಿಂತಿದ್ದರೂ ಎರಡಕ್ಕೂ ಒಂದೇ ಹಂತದಲ್ಲಿ ನಿಂತಿರುತ್ತದೆ. ಹಿಂದೆ ರಸಾಯನಜ್ಞರ ತಾಳ್ಮೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತಪ್ಪದ ಸಮಯಪಾಲನೆ ಮಾಡುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ: ಮಲೆನಾಡಿನ ಮಳೆನೀರು ಜಂಬಿಟ್ಟಿಗೆಯ ಮಣ್ಣನ್ನೂ ಕಬ್ಬಿಣವನ್ನೂ ಹೊತ್ತು ಕೆಂಪಾಗಿ ಬರುತ್ತದೆ, ಅದರಲ್ಲಿ ಅಷ್ಟು ಸೂಕ್ಷ್ಮ ತಾಮ್ರ ಕಂಡೀತೇ? ಮಣ್ಣಿನ ಕಣವನ್ನು ಸೋಸುಕ ತಡೆಯುತ್ತದೆ. ಕಬ್ಬಿಣದ ತೊಡಕಿಗೆ ನಿಯೊಕುಪ್ರೊಯಿನ್ ಎಂಬ ಕಾರಕ ಇದೆ; ಅದರ ಅಣುವಿನ ಆಕಾರ ಕಬ್ಬಿಣ ಬಂದು ಕೂರದಂತೆ ಅಡ್ಡಿಯಾಗುವುದರಿಂದ ತಾಮ್ರಕ್ಕೆ ಮಾತ್ರ ಹಳದಿ-ಕಿತ್ತಳೆ ಬಣ್ಣ ಬರುತ್ತದೆ. ಪ್ರಮಾಣ ತೀರಾ ಕಡಿಮೆಯಿದ್ದರೆ ಲೋಹವನ್ನು ಹಿಡಿದಿಡುವ ರಾಳದ ಪುಟ್ಟ ಸ್ತಂಭದ ಮೂಲಕ ಹತ್ತು ಮಿಲಿಲೀಟರ್ ನೀರು ಹರಿಸಿ, ಹಿಡಿದದ್ದನ್ನು ಮಿಲಿಲೀಟರಿನ ಹತ್ತನೇ ಒಂದು ಭಾಗ ಆಮ್ಲದಿಂದ ಬಿಡಿಸಬಹುದು. ಎಲ್ಲ ತಾಮ್ರವೂ ಬಿಟ್ಟುಬಂದರೆ ಅದು ನೂರು ಪಟ್ಟು ಸಾಂದ್ರವಾದಂತೆ. ಇಷ್ಟೂ ಕೆಲಸ ಮುಚ್ಚಿದ ಕೊಳವೆಯೊಳಗೇ ನಡೆಯುವುದರಿಂದ ಧೂಳು, ಕೈಯ ಬೆವರು ಸೇರಿ ಲೆಕ್ಕ ಕೆಡುವುದಿಲ್ಲ. ಲೇಶಮಾತ್ರದ ವಸ್ತುವನ್ನು ಅಳೆಯುವಾಗ ಅದು ಸಣ್ಣ ಲಾಭವಲ್ಲ.

ನಗರದ ದೊಡ್ಡ ಪ್ರಯೋಗಾಲಯದ ಉಪಕರಣ ಇದಕ್ಕಿಂತ ಸೂಕ್ಷ್ಮ ಎಂಬುದು ನಿಜ, ಮತ್ತು ಅದೂ ಬೇಕು. ದಡದ ಯಂತ್ರ ತೋರಿಸಿದ ಏರಿಳಿತವನ್ನು ಆಗಾಗ ತಾಳೆ ನೋಡಲು ಅದೇ ಆಧಾರ. ಪಂಪಿನ ಕೊಳವೆ ಸವೆಯುತ್ತದೆ, ಸೋಸುಕ ಕಟ್ಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ. ವಾರಕ್ಕೊಮ್ಮೆ ನೋಡಿಕೊಳ್ಳುವ ಮನುಷ್ಯರಿಲ್ಲದೆ ಇದು ನಡೆಯುವುದಿಲ್ಲ. ರೈತರ ಮೇಲೆ ದೂರು ಹೊರಿಸಲು ಹೊಸ ಅಸ್ತ್ರವಾದೀತು ಎಂಬ ಆತಂಕವನ್ನೂ ಹಗುರವಾಗಿ ಕಾಣಬಾರದು. ಆದರೆ ತಾಮ್ರಕ್ಕೆ ಮಣ್ಣಿನ ಸಾವಯವ ಅಂಶದೊಡನೆ ಬಿಗಿಯಾಗಿ ಅಂಟಿಕೊಳ್ಳುವ ಗುಣವಿದೆ. ಸೊಪ್ಪು, ಗೊಬ್ಬರ ಕಂಡ ತೋಟ ಅದರ ಬಹುಪಾಲನ್ನು ತನ್ನಲ್ಲೇ ಉಳಿಸಿಕೊಂಡಿರಬಹುದು. ಹಾಗಿದ್ದರೆ ಅಳತೆ ರೈತರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಇಲ್ಲದಿದ್ದರೆ ಯಾವ ಮಳೆಗೆ, ಸಿಂಪಡಣೆಯ ಎಷ್ಟನೇ ದಿನಕ್ಕೆ ತಾಮ್ರ ಜಾರಿತು ಎಂದು ತಿಳಿಸುತ್ತದೆ; ದುಡ್ಡು ಕೊಟ್ಟು ತಂದ ಮೈಲುತುತ್ತ ಗೊನೆಯಲ್ಲಿ ನಿಲ್ಲದೆ ಹರಿದುಹೋದರೆ ಮೊದಲ ನಷ್ಟ ಬೆಳೆಗಾರರದ್ದೇ. ಹೊಸನಗರ, ಸಾಗರದ ಹಲವು ಹಳ್ಳಗಳು ಶರಾವತಿ ಸೇರಿ ಲಿಂಗನಮಕ್ಕಿಯಲ್ಲಿ ನಿಲ್ಲುತ್ತವೆ. ತೀರ್ಥಹಳ್ಳಿಯನ್ನು ಹಾದ ತುಂಗೆಯನ್ನು ಶಿವಮೊಗ್ಗ ನಗರ ಕುಡಿಯುತ್ತದೆ. ದ್ರಾವಣ ಹೊಡೆಯುವ ಮುಂಚೆ ಕತ್ತಿ ಅದ್ದಿ ನೋಡುವುದು ಇಲ್ಲಿನ ರೂಢಿ. ಅದೇ ಎಚ್ಚರಿಕೆ ತೋಟದ ಕೊನೆಯ ಬಸಿಗಾಲುವೆಯವರೆಗೂ ಹೋಗಬೇಕು.