ಹಸಿ ಸ್ಲ್ಯಾಬ್ ಮೇಲೆ ಗೋಡೆ ಕಟ್ಟಬೇಡಿ

ಎರಡನೇ ಸೆಮಿಸ್ಟರ್‌ನ ಗಣಿತದಲ್ಲಿ ನನಗೆ ಬಂದದ್ದು ನೂರಕ್ಕೆ 14. ಫಲಿತಾಂಶ ಬಂದ ದಿನ ಹಾಸ್ಟೆಲ್ ಕೋಣೆಯಲ್ಲಿ ಮೂವರೂ ಒಟ್ಟಿಗೇ ಮೊಬೈಲ್ ನೋಡಿದೆವು. ಉಳಿದಿಬ್ಬರು ಮನೆಗೆ ಫೋನ್ ಮಾಡಲು ಹೊರಗೆ ಓಡಿದರು. ನಾನು ಹೊದಿಕೆ ಎಳೆದುಕೊಂಡು ಮಲಗಿದೆ. ಸಂಜೆ ಅಪ್ಪನ ಫೋನ್ ಬಂದಾಗ ‘ರಿಸಲ್ಟ್ ಇನ್ನೂ ಬಂದಿಲ್ಲ’ ಎಂದು ಸುಳ್ಳು ಹೇಳಿದೆ.

ನನ್ನ ಅಪ್ಪ ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ ಗೌಂಡಿ. ನನಗೆ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಾಗ, ‘ಇನ್ನ ಮ್ಯಾಲೆ ನಾ ಕಟ್ಟೂ ಮನಿ ನಕ್ಷೆ ನನ್ನ ಮಗಳು ತಗೀತಾಳ’ ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಊರವರಿಂದ ‘ಶಾಣ್ಯಾಕಿ’ ಎನಿಸಿಕೊಂಡಿದ್ದವಳಿಗೆ 14 ಅಂಕ ಎಂಬುದು ಬರೀ ಅಂಕವಾಗಿರಲಿಲ್ಲ. ‘ನೀನು ಇಲ್ಲಿಗೆ ಬರಬಾರದಿತ್ತು’ ಎಂದು ಯಾರೋ ಕೆನ್ನೆಗೆ ಹೊಡೆದು ಹೇಳಿದಂತೆ ಇತ್ತು.

ಆಮೇಲೆ ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ರಾತ್ರಿ ಎರಡರವರೆಗೆ ಓದುವ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ನಾಲ್ಕನೇ ದಿನ ಅದು ತಪ್ಪಿತು. ತಪ್ಪಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ, ಬೈದುಕೊಂಡ ಬೇಸರಕ್ಕೆ ಮತ್ತೆರಡು ದಿನ ಪುಸ್ತಕ ಮುಟ್ಟಲಿಲ್ಲ. ಕೊನೆಗೆ ಡಬಲ್ ಇಂಟಿಗ್ರಲ್ ಲೆಕ್ಕ ಯಾಕೆ ಬರುತ್ತಿಲ್ಲ ಎಂದು ಕೂತು ನೋಡಿದರೆ, ಪಿಯುಸಿಯ ಇಂಟಿಗ್ರೇಶನ್ನೇ ನನಗೆ ಸರಿಯಾಗಿ ಅರ್ಥವಾಗಿರಲಿಲ್ಲ. ‘ಇಂಪಾರ್ಟೆಂಟ್ ಪ್ರಶ್ನೆ’ಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡಿ ದಾಟಿಬಿಟ್ಟಿದ್ದೆ.

ಹಳೆಯ ದ್ವಿತೀಯ ಪಿಯುಸಿ ಪುಸ್ತಕವನ್ನು ಹಾಸ್ಟೆಲ್‌ಗೆ ತಂದೆ. ಬಿ.ಇ. ಓದುವವಳ ಕೈಯಲ್ಲಿ ಪಿಯುಸಿ ಪುಸ್ತಕ ಕಂಡರೆ ನಗುತ್ತಾರೆಂದು ಅದಕ್ಕೆ ನ್ಯೂಸ್‌ಪೇಪರ್ ರಟ್ಟು ಹಾಕಿದೆ. ಬೆಳಿಗ್ಗೆ ಮೆಸ್ ತೆರೆಯುವ ಮೊದಲು ಮುಕ್ಕಾಲು ಗಂಟೆ, ದಿನಕ್ಕೆ ನಾಲ್ಕೇ ಲೆಕ್ಕ. ಮುಂದಿನ ಪರೀಕ್ಷೆಯಲ್ಲಿ 29 ಬಂತು. ಪಾಸಾಗಲು 35 ಬೇಕಿತ್ತು. ಮತ್ತೆ ಫೇಲ್. ಹೀಗೇ ಆದರೆ ಒಂದು ವರ್ಷವೇ ನಿಂತುಹೋಗುತ್ತದೆ ಎಂಬ ಭಯ ಹಿಡಿಯಿತು.

ಆ ರಜೆಯಲ್ಲಿ ಮನೆಗೆ ಹೋದಾಗ ನಮ್ಮ ಹಂಚಿನ ಮನೆಯ ಅರ್ಧ ಭಾಗ ಕಿತ್ತು, ಸ್ಲ್ಯಾಬ್ ಹಾಕಿಸಿದ್ದರು. ಇಷ್ಟು ವರ್ಷ ಊರವರ ಮನೆಗಳಿಗೆಲ್ಲ ಸ್ಲ್ಯಾಬ್ ಹಾಕಿದ ಅಪ್ಪ ನಮ್ಮ ಮನೆಗೆ ಹಾಕಿದ್ದು ಆಗಲೇ. ಸಿಮೆಂಟಿನಿಂದ ಸಣ್ಣ ಸಣ್ಣ ಮಡಿ ಕಟ್ಟಿ, ಅದರಲ್ಲಿ ನೀರು ನಿಲ್ಲಿಸಿದ್ದರು. ಬೆಳಿಗ್ಗೆ, ಸಂಜೆ ನೀರು ತುಂಬುವ ಕೆಲಸ ನನ್ನ ಪಾಲಿಗೆ ಬಂತು.

ಮೂರನೇ ದಿನ ಪೈಪ್ ಹಿಡಿದು ನಿಂತಿದ್ದಾಗ ಅಪ್ಪ ಮೇಲೆ ಬಂದರು. ಇನ್ನು ಮುಚ್ಚಿಡಲು ಆಗಲಿಲ್ಲ. 14 ಬಂದದ್ದು, 29 ಬಂದದ್ದು, ಸುಳ್ಳು ಹೇಳಿದ್ದು ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ಯವ್ವಾ, ನಿನ್ನಿ ಹಾಕಿದ ಸ್ಲ್ಯಾಬ್ ಮ್ಯಾಲೆ ಇವತ್ತ ಗ್ವಾಡಿ ಕಟ್ಟಾಕ ಆಗತೈತೇನು? ಅದಕ್ಕ ದಿನಾನೂ ಬೇಕು, ನೀರೂ ಬೇಕು. ಎರಡರಾಗ ಒಂದ ತಪ್ಪಿದ್ರೂ ಬಿರುಕು ಬಿಡತೈತಿ.’

ಆ ಮಾತು ಪೂರ್ತಿ ಅರ್ಥವಾದದ್ದು ಮುಂದಿನ ಸೆಮಿಸ್ಟರ್‌ನ ಕಾಂಕ್ರೀಟ್ ಲ್ಯಾಬಿನಲ್ಲಿ. 150 ಮಿಲಿಮೀಟರ್ ಅಳತೆಯ ಕಾಂಕ್ರೀಟ್ ಕ್ಯೂಬ್‌ಗಳನ್ನು ಮಾಡಿ, ಮರುದಿನ ಅಚ್ಚಿನಿಂದ ಬಿಡಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟೆವು. ನಮ್ಮದು ಎಂ20 ಕಾಂಕ್ರೀಟ್. ಅಂದರೆ 28ನೇ ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಭಾರ ತಡೆಯಬೇಕು. ಏಳನೇ ದಿನ ಮೂರು ಕ್ಯೂಬ್‌ಗಳನ್ನು ಯಂತ್ರಕ್ಕೆ ಇಟ್ಟಾಗ ಮೂರೂ 20 ತಲುಪುವ ಮೊದಲೇ ಒಡೆದವು. ನಾವು ಮುಖ ಮುಖ ನೋಡಿಕೊಂಡೆವು. ಮೇಡಂ ನಕ್ಕು, ‘ಏಳು ದಿನಕ್ಕೆ ಸುಮಾರು ಮೂರನೇ ಎರಡರಷ್ಟು ಬಲ ಬಂದಿದ್ದರೆ ಸಾಕು, ಉಳಿದದ್ದು ಬರುತ್ತದೆ’ ಎಂದರು. 28ನೇ ದಿನ ಉಳಿದ ಮೂರು ಕ್ಯೂಬ್‌ಗಳು 20 ದಾಟಿದವು. ಆಮೇಲೂ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತಲೇ ಇರುತ್ತದಂತೆ.

ಏಳನೇ ದಿನದ ಕ್ಯೂಬ್ ಮೇಲೆ ಯಾರೂ ‘ಫೇಲ್’ ಎಂದು ಬರೆಯುವುದಿಲ್ಲ. ಆದರೆ ನನ್ನ 29ರ ಮೇಲೆ ನಾನೇ ಹಾಗೆ ಬರೆದುಕೊಂಡಿದ್ದೆ. 14ರಿಂದ 29ಕ್ಕೆ ಬಂದಿದ್ದೇನೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಹಾಗೆಂದು ತಾಳ್ಮೆ ಎಂದರೆ ಸುಮ್ಮನೆ ಕೂರುವುದು ಎಂದು ತಿಳಿಯಬೇಡಿ. ಕ್ಯೂಬನ್ನು ನೀರಿಗೆ ಹಾಕದೆ ಬಿಸಿಲಲ್ಲಿ ಬಿಟ್ಟರೆ 28 ದಿನವಲ್ಲ, ವರ್ಷ ಕಾದರೂ ಅಷ್ಟು ಬಲ ಬಾರದು. ಮೊದಲ ದಿನಗಳಲ್ಲಿ ತಪ್ಪಿಸಿದ ನೀರನ್ನು ಆಮೇಲೆ ಒಂದೇ ಸಲ ಸುರಿದು ಸರಿಮಾಡಲೂ ಆಗದು. ಇನ್ನೊಂದು ಮಾತು: ಕಾಂಕ್ರೀಟ್ ಕಲಸುವಾಗಲೇ ಹೆಚ್ಚು ನೀರು ಹಾಕಿದರೆ ಸುರಿಯಲು ಸಲೀಸು, ಆದರೆ ಗಟ್ಟಿತನ ಕಡಿಮೆಯಾಗುತ್ತದೆ. ನನ್ನ ಬಾಯಿಪಾಠ ಅಂಥದ್ದೇ ಸಲೀಸು. 14 ಅಂಕ ಹೇಳುತ್ತಿದ್ದುದು ‘ನಿನ್ನ ಕೈಲಾಗದು’ ಎಂದಲ್ಲ, ‘ನೀನು ಕಲಸಿದ ರೀತಿ ಸರಿಯಿಲ್ಲ’ ಎಂದು.

ಸ್ಲ್ಯಾಬ್ ಕೆಳಗಿನ ಸೆಂಟ್ರಿಂಗ್ ಕಂಬಗಳನ್ನೂ ನೋಡಿ. 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ ಕನಿಷ್ಠ 7 ದಿನ, ಅದಕ್ಕಿಂತ ಉದ್ದದ್ದಕ್ಕೆ 14 ದಿನ ಅವುಗಳನ್ನು ತೆಗೆಯಬಾರದು ಎನ್ನುತ್ತದೆ ನಾವು ಓದುವ ಐಎಸ್ 456 ಸಂಹಿತೆ. ಹಸಿ ಇರುವಾಗ ಆಸರೆ ಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ನಾನು ಪಕ್ಕದ ಕೋಣೆಯ ಗೆಳತಿಯ ಬಳಿ ಹೋಗಿ, ‘ನನಗೆ ಇದು ಮೊದಲಿನಿಂದ ಬರಲ್ಲ, ಹೇಳಿಕೊಡ್ತೀಯಾ?’ ಎಂದು ಕೇಳಿದ್ದು ಆಮೇಲೆಯೇ. ಪುಸ್ತಕದ ನ್ಯೂಸ್‌ಪೇಪರ್ ರಟ್ಟನ್ನೂ ಕಿತ್ತುಹಾಕಿದೆ.

ನನ್ನ ದೊಡ್ಡಪ್ಪನ ಮಗಳು ಮೂರು ವರ್ಷದಿಂದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ಮದುವೆಗೆ ಹೋದರೂ ಜಾತ್ರೆಗೆ ಹೋದರೂ ಅವಳಿಗೆ ಒಂದೇ ಪ್ರಶ್ನೆ: ‘ಇನ್ನೂ ಆಗಲಿಲ್ಲೇನು?’ ಕಳೆದ ಸಲ ಕೆಲವೇ ಅಂಕಗಳಿಂದ ತಪ್ಪಿತು. ‘ಜನ ಕೇಳೋದಕ್ಕಿಂತ ನಾನೇ ನನ್ನ ದಿನಾ ಕೇಳಿಕೊಳ್ತೀನಲ್ಲ, ಅದೇ ಜಾಸ್ತಿ ಸುಡ್ತದ’ ಎಂದಳು ಅಕ್ಕ. ಅವಳಿಗೂ ಲ್ಯಾಬಿನ ಕತೆ ಹೇಳಿದೆ. ಈಗ ಅವಳು ಪ್ರತಿ ಮಾದರಿ ಪರೀಕ್ಷೆಯ ಅಂಕವನ್ನು ತಾರೀಖು ಹಾಕಿ ಒಂದೇ ಪುಟದಲ್ಲಿ ಬರೆಯುತ್ತಾಳೆ. ಹೋಲಿಕೆ ಪಕ್ಕದವರ ಜತೆ ಅಲ್ಲ, ಹೋದ ತಿಂಗಳಿನ ತನ್ನ ಜತೆಗೇ. ಅಂಕ ಏರದಿದ್ದರೆ ತನ್ನನ್ನು ಬೈದುಕೊಳ್ಳುವ ಬದಲು ಯಾವ ವಿಷಯದಲ್ಲಿ ನಿಂತಿದೆ ಎಂದು ಹುಡುಕುತ್ತಾಳೆ.

ನಾನು ಕಲಿತದ್ದೂ ಇಷ್ಟೇ. ದಿನ ತಪ್ಪಿದರೆ ಮರುದಿನ ಡಬಲ್ ಓದಿ ಶಿಕ್ಷೆ ಕೊಟ್ಟುಕೊಳ್ಳುವುದಿಲ್ಲ. ಅದೇ ನಾಲ್ಕು ಲೆಕ್ಕಕ್ಕೆ ಮರಳುತ್ತೇನೆ. ಬಹಳ ಸಲ ನಾವು ಸೋಲುವುದು ಒಂದು ದಿನ ತಪ್ಪಿದ್ದಕ್ಕಲ್ಲ, ಆ ಒಂದು ದಿನದ ಸಿಟ್ಟಿಗೆ ವಾರವನ್ನೇ ಬಿಟ್ಟುಕೊಡುವುದಕ್ಕೆ.

ಮೂರನೇ ಸಲ ಗಣಿತದಲ್ಲಿ 47 ಬಂತು. ದೊಡ್ಡ ಅಂಕವೇನಲ್ಲ, ಯಾರ ಸ್ಟೇಟಸ್‌ನಲ್ಲೂ ಹಾಕುವಂಥದ್ದಲ್ಲ. ಫಲಿತಾಂಶ ನೋಡಿದ ಕೂಡಲೇ ಅಪ್ಪನಿಗೆ ನಾನೇ ಫೋನ್ ಮಾಡಿದೆ.

ಈಗ ಐದನೇ ಸೆಮಿಸ್ಟರ್. ಸೆಮಿನಾರ್‌ನಲ್ಲಿ ಇಂಗ್ಲಿಷ್ ಮಾತಾಡಲು ನಿಂತರೆ ಇವತ್ತಿಗೂ ಕೈ ನಡುಗುತ್ತದೆ. ಹೋದ ಸಲ ಎರಡು ನಿಮಿಷಕ್ಕೆ ಮಾತು ನಿಂತಿತ್ತು, ಈ ಸಲ ಐದು ನಿಮಿಷ ಮಾತಾಡಿದೆ. ಇದು ನನ್ನ ಏಳನೇ ದಿನ ಇರಬಹುದು. ಊರಲ್ಲಿ ಅಪ್ಪ ಅದೇ ಸ್ಲ್ಯಾಬ್ ಮೇಲೆ ಒಂದು ಸಣ್ಣ ಕೋಣೆ ಕಟ್ಟಲು ಹೊರಟಿದ್ದಾರೆ. ನಕ್ಷೆ ತೆಗೆಯುತ್ತಿರುವುದು ನಾನು.