ಕೊಟೇಶನ್‌ನಲ್ಲಿ ನುಸುಳುವ ಶುಲ್ಕ

ಪ್ರಶ್ನೆ: ಹೊಸ ಕಾರಿನ ಕೊಟೇಶನ್‌ನಲ್ಲಿ ‘ಹ್ಯಾಂಡ್ಲಿಂಗ್ ಚಾರ್ಜ್’ ಸೇರಿಸಿದ್ದಾರೆ. ವಿಮೆಯನ್ನೂ ತಮ್ಮಲ್ಲೇ ಮಾಡಿಸಬೇಕಂತೆ. ಒಪ್ಪಲೇಬೇಕೆ?
– ಓದುಗರೊಬ್ಬರು, ಮಂಡಕಳ್ಳಿ, ಮೈಸೂರು

ಉತ್ತರ: ಒಪ್ಪಬೇಕಿಲ್ಲ. ಎಕ್ಸ್-ಷೋರೂಮ್ ಬೆಲೆಯ ಮೇಲೆ ಸರ್ಕಾರಕ್ಕೆ ಸಲ್ಲುವುದು ಜೀವಿತಾವಧಿ ತೆರಿಗೆ ಮತ್ತು ನೋಂದಣಿ ಶುಲ್ಕ. ಬೆಲೆ 10 ಲಕ್ಷ ರೂಪಾಯಿ ದಾಟಿದರೆ ಶೇ 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ಸಂಗ್ರಹಿಸಿ ಕಟ್ಟುವ ತೆರಿಗೆ. (ಇದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿಕೊಳ್ಳಬಹುದು, ಎಷ್ಟೋ ಮಂದಿ ಮರೆಯುತ್ತಾರೆ.) ‘ಹ್ಯಾಂಡ್ಲಿಂಗ್ ಚಾರ್ಜ್’ ಹೆಸರಿನಲ್ಲಿ ಗೋದಾಮಿನಿಂದ ಕಾರು ತಂದ ಖರ್ಚು ಗ್ರಾಹಕರ ತಲೆಗೆ ಬರಬಾರದು.

ವಿಮೆ ಕಡ್ಡಾಯ, ಡೀಲರ್ ಹೇಳಿದ ಕಂಪನಿಯೇ ಕಡ್ಡಾಯವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ಮಾರ್ಗಸೂಚಿಯೂ ಆಯ್ಕೆಯನ್ನು ಗ್ರಾಹಕರಿಗೇ ಬಿಟ್ಟಿದೆ. ಹೊರಗೆ ಎರಡು ಕಡೆ ದರ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಮೋಸವೂ ಉಂಟು. ಗೋವಾದಲ್ಲಿ 2011ರ ಮಾದರಿಗೆಂದು ಹಣ ಕೊಟ್ಟವರೊಬ್ಬರಿಗೆ ಡೀಲರ್ ದಾಟಿಸಿದ್ದು 2009ರಲ್ಲಿ ತಯಾರಾದ, ಆಗಲೇ 622 ಕಿಲೋಮೀಟರ್ ಓಡಿದ್ದ ಕಾರನ್ನು. ಅವರು ಸುಮ್ಮನಾಗದೆ ಗ್ರಾಹಕ ವೇದಿಕೆಗೆ ಹೋದರು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. 2021ರ ತೀರ್ಪು ತಯಾರಕ ಕಂಪನಿಯನ್ನು ಹೊಣೆಯಿಂದ ಬಿಟ್ಟರೂ ಡೀಲರ್ ಹೊಣೆ ತಪ್ಪಲಿಲ್ಲ. ಆದ್ದರಿಂದ ಪೂರ್ತಿ ಹಣ ಕಟ್ಟುವ ಮುನ್ನವೇ ಓಡೋಮೀಟರ್ ನೋಡಬೇಕು, ಕಾರಿನ ದಾಖಲೆಯಾದ ಫಾರಂ 22ರಲ್ಲಿರುವ ತಯಾರಿಕೆಯ ತಿಂಗಳು–ವರ್ಷ ಹಾಗೂ ಚಾಸಿ ಸಂಖ್ಯೆಯನ್ನು ಕಾರಿನೊಂದಿಗೆ ತಾಳೆ ಹಾಕಬೇಕು.

ಬಾಯಿಮಾತಿನ ರಿಯಾಯಿತಿಗೆ ಬೆಲೆಯಿಲ್ಲ. ಪ್ರತಿ ಶುಲ್ಕಕ್ಕೂ ಬರವಣಿಗೆ, ರಸೀದಿ ಕೇಳಿ. ಡೀಲರ್ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕಾರಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ದೂರು ಕೊಡಲು ಇರುವ ಅವಧಿ ಎರಡು ವರ್ಷ.